ಕೆಡದ ಕಂಪ್ಯೂಟರ್ ಯಾಕೆ ಬದಲಿಸಬೇಕು?

ಅರಸೀಕೆರೆಯ ಯಾವುದಾದ್ರೂ ಡಿಟಿಪಿ ಅಂಗಡಿಗೆ ಹೋಗಿ ನೋಡಿ. ಮದುವೆ ಪತ್ರಿಕೆ, ಕೊಬ್ಬರಿ ಮಂಡಿಯ ಬಿಲ್ ಪುಸ್ತಕ, ಬೇಲೂರು-ಹಳೇಬೀಡಿನ ಜಾತ್ರೆ ಕರಪತ್ರ, ಎಲ್ಲಾ ನುಡಿ ತಂತ್ರಾಂಶದಲ್ಲಿ ಟೈಪ್ ಆಗೋದು ವಿಂಡೋಸ್ ಮೇಲೇ.

ಈ ನಂಟು ಹಳೇದು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ತನ್ನ ಜೊತೆಗೇ ತುಂಗಾ ಅನ್ನೋ ಕನ್ನಡ ಫಾಂಟ್ ತಂದಿತ್ತು. ಜನ ವಿಂಡೋಸನ್ನ ಮನಸಾರೆ ಮೆಚ್ಚಿದ್ರು, ನಂಬಿದ್ರು.

ಅದೇ ಜನ ಈಗ ಬೇಸತ್ತಿದ್ದಾರೆ. ಯಾಕೆ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡ್ತಿದ್ದ ಮಾಮೂಲಿ ಬೆಂಬಲ ಮುಗೀತು. ವಿಂಡೋಸ್ 11ಕ್ಕೆ ಹೋಗೋಣ ಅಂದ್ರೆ ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಪ್ರೊಸೆಸರ್ ಆದ್ರೆ ಸಾಮಾನ್ಯವಾಗಿ 8ನೇ ಜನರೇಷನ್ ಅಥವಾ ಅದರ ನಂತರದ್ದೇ ಆಗಬೇಕು. 2016ರ ಐ5 ಮಷಿನ್ನು, ಕೀಬೋರ್ಡ್ ಮೇಲಿನ ಅಕ್ಷರ ಅಳಿಸಿಹೋಗೋವಷ್ಟು ದುಡಿದಿದೆ, ಇವತ್ತಿಗೂ ಪೇಜ್‌ಮೇಕರ್ ಸಲೀಸಾಗಿ ಓಡಿಸುತ್ತೆ. ಆದ್ರೆ ಅದು ವಿಂಡೋಸ್ 11ರ ಪಟ್ಟಿಯಲ್ಲೇ ಇಲ್ಲ!

ಭದ್ರತೆ ಗಟ್ಟಿಯಾಗಬೇಕು ಅನ್ನೋ ಕಂಪನಿಯ ಮಾತು ಸುಳ್ಳಲ್ಲ. ಆದ್ರೆ ಓಡ್ತಿರೋ ಯಂತ್ರಾನ ಗುಜರಿಗೆ ಹಾಕೋ ಸ್ಥಿತಿ ತಂದಿದ್ದು ಸಣ್ಣ ಅಂಗಡಿಯವರಿಗೆ ಅನ್ಯಾಯ. ಹೊಸ ಮಷಿನ್ನಿನ ದುಡ್ಡು ಎಷ್ಟು ಮದುವೆ ಪತ್ರಿಕೆಗಳಿಂದ ಹುಟ್ಟಬೇಕು, ಯೋಚಿಸಿ.

ದಾರಿ ಇದೆಯಾ? ಮನೆ ಕಂಪ್ಯೂಟರ್‌ಗೆ ಮೈಕ್ರೋಸಾಫ್ಟ್ ಒಂದು ವರ್ಷದ ಹೆಚ್ಚುವರಿ ಸೆಕ್ಯೂರಿಟಿ ಅಪ್‌ಡೇಟ್ ಘೋಷಿಸಿತ್ತು, 2026ರ ಅಕ್ಟೋಬರ್ 13ರವರೆಗೆ. ಇನ್ನೊಂದು ದಾರಿ ಲಿನಕ್ಸ್. ಹಳೇ ಮಷಿನ್ ಮೇಲೂ ಓಡುತ್ತೆ, ಯೂನಿಕೋಡ್ ಕನ್ನಡ ಚೆನ್ನಾಗೇ ಬರುತ್ತೆ. ಒಂದು ತೊಡಕಿರೋದು ಯೂನಿಕೋಡ್ ಅಲ್ಲದ ಹಳೇ ಆಸ್ಕಿ ಫಾಂಟಿನ ಫೈಲುಗಳಲ್ಲಿ. ಅವನ್ನ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಸರಿ ಬಂದಿದೆಯಾ ನೋಡಿ, ಒಂದು ಪ್ರತಿ ಪೆನ್‌ಡ್ರೈವ್‌ಗೆ ಹಾಕಿಡಿ. ಆಮೇಲೆ ಮಷಿನ್ನಿಗೆ ಕೈ ಹಾಕಿ.