ಇಂಗ್ಲಿಷ್ ಪ್ರಮಾಣಪತ್ರಗಳು: ನೇಮಕಾತಿಯಲ್ಲಿ ಅವುಗಳ ಬೆಲೆ ತಿಳಿಯುವ ಬಗೆ

ಒಂದು ಕಾಲದಲ್ಲಿ ಅಂಗಡಿಯ ಗುಮಾಸ್ತನಿಗೆ ಅಂದವಾದ ಅಕ್ಷರ, ತಪ್ಪಿಲ್ಲದ ಲೆಕ್ಕ ಹಾಗೂ ಪ್ರಾಮಾಣಿಕತೆ ಇದ್ದರೆ ಸಾಕಾಗಿತ್ತು. ಇಂದು ಚಿತ್ರದುರ್ಗದ ಸಾರಿಗೆ ಕಚೇರಿಯಾಗಲಿ, ಹಿರಿಯೂರಿನ ಹೆದ್ದಾರಿ ಬದಿಯ ಬಿಡಿಭಾಗಗಳ ಮಳಿಗೆಯಾಗಲಿ, ಹೊಸದುರ್ಗದ ತೆಂಗು, ದಾಳಿಂಬೆ ವಹಿವಾಟಾಗಲಿ, ಹೊಳಲ್ಕೆರೆಯ ಅಡಿಕೆ ವ್ಯಾಪಾರವಾಗಲಿ, ಇಂಗ್ಲಿಷಿನ ಕಾಗದಪತ್ರ ತಲುಪದ ಮೇಜು ಅಪರೂಪ. ಹೀಗಾಗಿ ಕೆಲಸ ಕೇಳಿ ಬರುವವರ ಅರ್ಜಿಯೊಂದಿಗೆ ಇಂಗ್ಲಿಷ್ ಪ್ರಮಾಣಪತ್ರಗಳೂ ಬರತೊಡಗಿವೆ. ಇವುಗಳಲ್ಲಿ ಯಾವುದನ್ನು ಎಷ್ಟು ನಂಬಬೇಕು ಎಂಬುದು ಮಾಲೀಕರ ಮುಂದಿರುವ ಪ್ರಶ್ನೆ. ಪತ್ರದ ಹೊಳಪು ನೋಡಿ ನೇಮಿಸಿಕೊಂಡರೆ ನಷ್ಟ. ಪತ್ರವಿಲ್ಲವೆಂದು ಸಮರ್ಥನನ್ನು ಹಿಂದಕ್ಕೆ ಕಳುಹಿಸಿದರೂ ನಷ್ಟವೇ.

ಮೊದಲು ಕೆಲಸ, ಅನಂತರ ಪತ್ರ

ಪ್ರಮಾಣಪತ್ರವನ್ನು ನೋಡುವ ಮೊದಲು, ಆ ಹುದ್ದೆಯಲ್ಲಿ ಇಂಗ್ಲಿಷಿನಿಂದ ಆಗಬೇಕಾದ ಕೆಲಸವೇನು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು ಒಳಿತು. ಓದುವುದು, ಬರೆಯುವುದು, ಕೇಳಿ ಗ್ರಹಿಸುವುದು, ಮಾತನಾಡುವುದು, ಈ ನಾಲ್ಕೂ ಬೇರೆ ಬೇರೆ ಸಾಮರ್ಥ್ಯಗಳು. ಗೋದಾಮಿನವರಿಗೆ ಚೀಲದ ಮೇಲಿನ ಗುರುತು ಓದಲು ಬಂದರೆ ಸಾಕು. ಪುಣೆ ಅಥವಾ ಚೆನ್ನೈನ ಸರಬರಾಜುದಾರರೊಂದಿಗೆ ವ್ಯವಹರಿಸುವವರಿಗೆ ದೂರವಾಣಿಯಲ್ಲಿ ಕೇಳಿಸಿಕೊಂಡು ಉತ್ತರಿಸುವ ಶಕ್ತಿ ಬೇಕು. ಗಾಳಿಯಂತ್ರಗಳ ದುರಸ್ತಿಗೆ ಹೋಗುವ ತಂತ್ರಜ್ಞರಿಗೆ ಕೈಪಿಡಿಯನ್ನು ತಪ್ಪಿಲ್ಲದೆ ಓದುವುದು ಮುಖ್ಯ. ನಿರರ್ಗಳ ಮಾತು ಅನಿವಾರ್ಯವಲ್ಲ.

ಲೆಕ್ಕಪತ್ರ ವಿಭಾಗದಲ್ಲಿ ಓದುವಿಕೆಗೆ ನೇರವಾಗಿ ಹಣದ ಬೆಲೆಯಿದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಬರುವ ನೋಟಿಸುಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತವೆ. ನೋಂದಣಿ ರದ್ದತಿಯ ಕುರಿತಾದ ಆರ್‌ಇಜಿ-17 ನೋಟಿಸಿಗೆ ಉತ್ತರಿಸಲು ಇರುವುದು 7 ಕೆಲಸದ ದಿನಗಳು. ರಿಟರ್ನ್‌ನಲ್ಲಿನ ವ್ಯತ್ಯಾಸ ಕುರಿತ ಎಎಸ್‌ಎಂಟಿ-10 ನೋಟಿಸಿಗೆ ಗರಿಷ್ಠ 30 ದಿನಗಳ ಅವಧಿ ಇರುತ್ತದೆ. ಎರಡನ್ನೂ ಒಂದೇ ಎಂದು ತಿಳಿದು ಬದಿಗಿಡುವ ಸಹಾಯಕ ಎಷ್ಟೇ ಚೆನ್ನಾಗಿ ಇಂಗ್ಲಿಷ್ ಮಾತನಾಡಿದರೂ ಪ್ರಯೋಜನವಿಲ್ಲ.

ಅರ್ಜಿಯೊಂದಿಗೆ ಬರುವ ಪತ್ರಗಳು

ನಮ್ಮ ಜಿಲ್ಲೆಯಲ್ಲಿ ಹೆಚ್ಚಾಗಿ ಕಾಣುವುದು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪ್ರಥಮ ಭಾಷೆಯ ಗರಿಷ್ಠ ಅಂಕ 125; ದ್ವಿತೀಯ ಭಾಷೆಯದು 100. ಆದುದರಿಂದ ಪ್ರಥಮ ಭಾಷೆಯಾಗಿ ಇಂಗ್ಲಿಷ್ ಓದಿದವರ 75 ಅಂಕವೂ, ದ್ವಿತೀಯ ಭಾಷೆಯಾಗಿ ಓದಿದವರ 60 ಅಂಕವೂ ಶೇಕಡಾವಾರು ಒಂದೇ. ಆದರೆ ಪಠ್ಯವೂ ಪ್ರಶ್ನೆಪತ್ರಿಕೆಯೂ ಬೇರೆಯಾದುದರಿಂದ ನೇರ ಹೋಲಿಕೆ ಸಲ್ಲದು. ಇದು ಮುಖ್ಯವಾಗಿ ಲಿಖಿತ ಪರೀಕ್ಷೆ. ಮಾತಿನ ಸಾಮರ್ಥ್ಯವನ್ನು ಇದರಿಂದ ಊಹಿಸಲಾಗದು.

ವಯಸ್ಸನ್ನೂ ಗಮನಿಸಬೇಕು. ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಲ್ಲಿ 1ನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸತೊಡಗಿದ್ದು 2007-08ನೇ ಸಾಲಿನಲ್ಲಿ. ಆ ಮಕ್ಕಳು 10ನೇ ತರಗತಿ ತಲುಪಿದ್ದು 2016-17ರಲ್ಲಿ. ಅದಕ್ಕೂ ಮೊದಲು ಆ ಶಾಲೆಗಳಿಂದ ಬಂದವರು ಇಂಗ್ಲಿಷನ್ನು ತಡವಾಗಿ ಆರಂಭಿಸಿದವರು. ಹಳಬರ ಅಂಕಪಟ್ಟಿಯನ್ನು ಹೊಸಬರದರೊಡನೆ ಪಕ್ಕದಲ್ಲಿಟ್ಟು ತೂಗುವುದು ನ್ಯಾಯವಲ್ಲ.

ಎರಡನೆಯದು ಸ್ಪೋಕನ್ ಇಂಗ್ಲಿಷ್ ತರಗತಿಗಳ ಪ್ರಮಾಣಪತ್ರ. ಇವುಗಳಲ್ಲಿ ಹೆಚ್ಚಿನವು ತರಗತಿಗೆ ಹಾಜರಾದುದಕ್ಕೆ ಸಾಕ್ಷಿಯೇ ಹೊರತು ಸಾಮರ್ಥ್ಯಕ್ಕಲ್ಲ. ಕಲಿಸಿದವರೇ ಪರೀಕ್ಷಿಸಿ, ತಾವೇ ಪತ್ರ ಕೊಟ್ಟಲ್ಲಿ ಅದು ತನ್ನ ಸರಕಿನ ತೂಕವನ್ನು ತಾನೇ ಮಾಡಿಕೊಂಡಂತೆ. ಆದರೂ ಅದನ್ನು ತಿರಸ್ಕರಿಸಬೇಕಿಲ್ಲ. ಅಭ್ಯರ್ಥಿಯ ಕಲಿಕೆಯ ಆಸಕ್ತಿಯನ್ನು ಅದು ತಿಳಿಸುತ್ತದೆ.

ಮೂರನೆಯದು ಸರ್ಕಾರಿ ಕೌಶಲ್ಯ ತರಬೇತಿಯ ಪ್ರಮಾಣಪತ್ರ. ಇದರ ಮೇಲೆ ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟಿನ 'ಹಂತ 3', 'ಹಂತ 4' ಎಂದು ಮುದ್ರಿತವಾಗಿರಬಹುದು. ಅದು ವೃತ್ತಿ ಕೌಶಲ್ಯದ ಹಂತ, ಇಂಗ್ಲಿಷಿನ ಹಂತವಲ್ಲ.

ಆರು ಹಂತಗಳ ಅಳತೆಗೋಲು

ನಾಲ್ಕನೆಯದು ಅಂತರರಾಷ್ಟ್ರೀಯ ಪರೀಕ್ಷೆಗಳ ಫಲಿತಾಂಶ. ಹೊರದೇಶಕ್ಕೆ ಹೋಗಲು ಪ್ರಯತ್ನಿಸಿ ಊರಿನಲ್ಲೇ ನೆಲೆಸಲು ನಿರ್ಧರಿಸಿದ ಯುವಕ ಯುವತಿಯರು ಇವನ್ನು ತರುವುದುಂಟು. ಒಂದೊಂದು ಪರೀಕ್ಷೆಯ ಅಂಕದ ರೀತಿ ಒಂದೊಂದು. ಇವುಗಳನ್ನು ಹೋಲಿಸಲು ಯೂರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ, ಸಿಇಎಫ್‌ಆರ್ ಎಂದು ಕರೆಯಲಾಗುವ ಚೌಕಟ್ಟು ನೆರವಾಗುತ್ತದೆ. ಅದರಲ್ಲಿ ಎ1, ಎ2, ಬಿ1, ಬಿ2, ಸಿ1, ಸಿ2 ಎಂಬ ಆರು ಹಂತಗಳಿವೆ. ಎ1 ಆರಂಭದ ಹಂತ; ಸಿ2 ಅತ್ಯುನ್ನತ.

ಎ2 ಹಂತದವರು ನಿತ್ಯದ, ಸರಳ ವಿಷಯಗಳನ್ನು ನಿಭಾಯಿಸಬಲ್ಲರು. ಬಿ1 ಹಂತದವರು ಪರಿಚಿತ ವಿಷಯದ ಮುಖ್ಯಾಂಶ ಗ್ರಹಿಸಿ ಸರಳ ಪತ್ರ ಬರೆಯಬಲ್ಲರು. ಬಿ2 ಹಂತದವರು ತಮ್ಮ ಕ್ಷೇತ್ರದ ತಾಂತ್ರಿಕ ಬರಹವನ್ನೂ ಅರ್ಥಮಾಡಿಕೊಂಡು ಹೆಚ್ಚು ತಡವರಿಸದೆ ಚರ್ಚಿಸಬಲ್ಲರು. ಸ್ಥೂಲವಾಗಿ ಹೇಳುವುದಾದರೆ ಬಿಲ್ಲು ಬರೆಯುವವರಿಗೆ ಎ2, ಹೊರ ರಾಜ್ಯದ ಪತ್ರವ್ಯವಹಾರಕ್ಕೆ ಬಿ1, ರಫ್ತು ದಾಖಲೆಗಳಿಗೆ ಬಿ2 ಸಾಕಾಗುತ್ತದೆ. ಸಣ್ಣ ಉದ್ಯಮಕ್ಕೆ ಸಿ1, ಸಿ2 ಕೇಳುವುದು ಅನವಶ್ಯಕ ವೆಚ್ಚವನ್ನು ಮೈಮೇಲೆ ಎಳೆದುಕೊಂಡಂತೆ.

ಐಇಎಲ್‌ಟಿಎಸ್ ಪರೀಕ್ಷೆಯ ಬ್ಯಾಂಡ್ 9ರವರೆಗೆ ಇರುತ್ತದೆ. ಅದರಲ್ಲಿ 4ರಿಂದ 5 ಬಿ1 ಹಂತಕ್ಕೂ, 5.5ರಿಂದ 6.5 ಬಿ2 ಹಂತಕ್ಕೂ, 7ರಿಂದ 8 ಸಿ1 ಹಂತಕ್ಕೂ ಸಮೀಪ. ಟೋಫೆಲ್ ಐಬಿಟಿಯ ಅಂಕ ಬಹುಕಾಲ 120ಕ್ಕೆ ಇತ್ತು. ಆ ಲೆಕ್ಕದಲ್ಲಿ 42ರಿಂದ 71 ಬಿ1, 72ರಿಂದ 94 ಬಿ2. 2026ರ ಜನವರಿಯಿಂದ ಅದಕ್ಕೆ 1ರಿಂದ 6ರ ಹೊಸ ಅಳತೆ ಬಂದಿರುವುದರಿಂದ ಪತ್ರದ ದಿನಾಂಕವನ್ನು ನೋಡಿಯೇ ಅಂಕವನ್ನು ಅರ್ಥೈಸಬೇಕು. ಉದ್ಯೋಗಕ್ಕೆಂದೇ ರೂಪುಗೊಂಡು 1979ರಲ್ಲಿ ಆರಂಭವಾದ ಟೋಯಿಕ್‌ನ ಕೇಳುವ ಹಾಗೂ ಓದುವ ಪರೀಕ್ಷೆಯ ಗರಿಷ್ಠ ಅಂಕ 990. ಬಿ1 ಹಂತಕ್ಕೆ ಎರಡೂ ಭಾಗಗಳಲ್ಲಿ 275ರಂತೆ ಬೇಕು. ಈ ಪತ್ರಿಕೆಯಲ್ಲಿ ಬರೆಯುವ, ಮಾತನಾಡುವ ಭಾಗಗಳಿಲ್ಲ. ಕೇಂಬ್ರಿಜ್ ಪರೀಕ್ಷೆಗಳ ಹೆಸರಿನಲ್ಲೇ ಬಿ1, ಬಿ2 ಎಂಬ ಹಂತ ಸೂಚಿತವಾಗಿರುತ್ತದೆ.

ಇಲ್ಲಿ ಒಟ್ಟು ಅಂಕಕ್ಕಿಂತ ಬಿಡಿ ಅಂಕ ಮುಖ್ಯ. ಒಟ್ಟು 6 ಬ್ಯಾಂಡ್ ಪಡೆದವರು ಮಾತಿನಲ್ಲಿ 7, ಬರವಣಿಗೆಯಲ್ಲಿ 5 ಪಡೆದಿರಬಹುದು. ಗ್ರಾಹಕರೊಡನೆ ಮಾತನಾಡುವ ಹುದ್ದೆಗೆ ಅವರು ಉತ್ತಮ. ಪತ್ರವ್ಯವಹಾರಕ್ಕೆ ಅಷ್ಟಾಗಿ ಅಲ್ಲ.

ನೈಜತೆ ಹಾಗೂ ಅವಧಿ

ಐಇಎಲ್‌ಟಿಎಸ್, ಟೋಫೆಲ್, ಟೋಯಿಕ್ ಫಲಿತಾಂಶಗಳಿಗೆ 2 ವರ್ಷಗಳ ಅವಧಿಯಿದೆ. ಕೇಂಬ್ರಿಜ್ ಪ್ರಮಾಣಪತ್ರಕ್ಕೆ ಅಂತಹ ಅವಧಿಯಿಲ್ಲ. ಆದರೆ ಬಳಸದ ಭಾಷೆ ಮಸುಕಾಗುವುದು ಸಹಜವಾದುದರಿಂದ ಪತ್ರ ಹಳೆಯದಾದರೆ ಹೊಸದಾಗಿ ಪರಿಶೀಲಿಸುವುದು ಸೂಕ್ತ. ಜೆರಾಕ್ಸ್ ಪ್ರತಿ ನೋಡಿ ತೀರ್ಮಾನಿಸಬಾರದು. ಮೂಲಪತ್ರ ತರಿಸಿ, ಹೆಸರು, ಜನ್ಮದಿನಾಂಕ, ಭಾವಚಿತ್ರ, ಪತ್ರದ ಸಂಖ್ಯೆಗಳನ್ನು ಗುರುತಿನ ಚೀಟಿಯೊಂದಿಗೆ ತಾಳೆ ನೋಡಿ, ಅಲ್ಲೇ ಹಿಂದಿರುಗಿಸಬೇಕು. ಫಲಿತಾಂಶ ದೃಢೀಕರಿಸುವ ವ್ಯವಸ್ಥೆ ಈ ಪರೀಕ್ಷಾ ಸಂಸ್ಥೆಗಳಲ್ಲಿದೆ. ನೌಕರರು ಕೆಲಸ ಬಿಡದಿರಲೆಂದು ಅವರ ಮೂಲಪತ್ರಗಳನ್ನು ತಿಜೋರಿಯಲ್ಲಿ ಇಟ್ಟುಕೊಳ್ಳುವ ಪದ್ಧತಿ ಸರಿಯಲ್ಲ.

ಪ್ರಮಾಣಪತ್ರ ಹೇಳದಿರುವ ಮಾತು

ಅತ್ಯುತ್ತಮ ಪ್ರಮಾಣಪತ್ರವೂ ವ್ಯಾಪಾರದ ಭಾಷೆಯನ್ನು ಪರೀಕ್ಷಿಸಿರುವುದಿಲ್ಲ. ರಫ್ತಿನ ಲೆಟರ್ ಆಫ್ ಕ್ರೆಡಿಟ್‌ಗಳಿಗೆ ಸಾಮಾನ್ಯವಾಗಿ ಅನ್ವಯವಾಗುವುದು 2007ರ ಜುಲೈ 1ರಿಂದ ಜಾರಿಯಲ್ಲಿರುವ ಯುಸಿಪಿ 600 ನಿಯಮಾವಳಿ. ಅದರಂತೆ ಸರಕಿನ ಪ್ರಮಾಣದ ಮುಂದೆ 'ಅಬೌಟ್' ಎಂಬ ಪದವಿದ್ದರೆ ಶೇ. 10ರಷ್ಟು ಹೆಚ್ಚುಕಡಿಮೆಗೆ ಅವಕಾಶವುಂಟು. 'ಅಬೌಟ್ 1,000 ಪೆಟ್ಟಿಗೆ' ಎಂದಿದ್ದರೆ 900ರಿಂದ 1,100ರವರೆಗೆ ಕಳುಹಿಸಬಹುದು. ಬರೀ 1,000 ಪೆಟ್ಟಿಗೆ ಎಂದಿದ್ದರೆ ಆ ಸಡಿಲಿಕೆ ಇಲ್ಲ. ಮೊತ್ತದ ಮುಂದೆ ಆ ಪದವಿಲ್ಲದಿದ್ದರೆ ಮೊತ್ತಕ್ಕೂ ಅದು ಅನ್ವಯಿಸದು. ಅಂತೆಯೇ ಸರಕು ರವಾನೆಗೆ 'ಅನ್‌ಟಿಲ್ ಮೇ 15' ಎಂದರೆ 15ನೇ ತಾರೀಖು ಸೇರಿದಂತೆ; 'ಬಿಫೋರ್ ಮೇ 15' ಎಂದರೆ 14ಕ್ಕೇ ಮುಗಿಯಿತು. ಇಂತಹ ಒಂದು ಪದದಲ್ಲಿ ಎಡವಿದರೆ ಬ್ಯಾಂಕು ದಾಖಲೆಗಳನ್ನು ತಿರಸ್ಕರಿಸಬಹುದು. ಇದನ್ನು ಕೆಲಸದಲ್ಲಿಯೇ ಕಲಿಸಬೇಕಾಗುತ್ತದೆ.

ಇನ್ನೂ ಮುಖ್ಯವಾದುದು ಬೇರೊಂದಿದೆ. ನಮ್ಮ ಅಂಗಡಿ, ಕಾರ್ಖಾನೆಗಳಲ್ಲಿ ಇಂಗ್ಲಿಷ್ ಇಂಗ್ಲಿಷಾಗಿಯೇ ಉಳಿಯುವುದಿಲ್ಲ. ಬಂದ ಪತ್ರವನ್ನು ಮಾಲೀಕರಿಗೆ ಕನ್ನಡದಲ್ಲಿ ಹೇಳಬೇಕು. ಮಾಲೀಕರು ಕನ್ನಡದಲ್ಲಿ ಹೇಳಿದುದನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ಕೈಪಿಡಿಯ ಎಚ್ಚರಿಕೆಯನ್ನು ಯಂತ್ರದ ಮುಂದೆ ನಿಂತವರಿಗೆ ತಿಳಿಸಬೇಕು. ಮೇಲೆ ಹೇಳಿದ ಪರೀಕ್ಷೆಗಳಲ್ಲಿ ಯಾವುದೂ ಕನ್ನಡ ಹಾಗೂ ಇಂಗ್ಲಿಷಿನ ನಡುವಿನ ಈ ಕೆಲಸವನ್ನು ಅಳೆಯುವುದಿಲ್ಲ.

ಅರ್ಧ ಗಂಟೆಯ ಪರೀಕ್ಷೆ

ಈ ಕೊರತೆಯನ್ನು ಮಾಲೀಕರೇ ತುಂಬಿಕೊಳ್ಳಬಹುದು. ಹೆಚ್ಚಿನ ಇಂಗ್ಲಿಷ್ ಬಾರದ ಮಾಲೀಕರಿಗೂ ಇದು ಸಾಧ್ಯ.

1. ಹಿಂದೆ ಬಂದ, ಅರ್ಥ ಈಗಾಗಲೇ ತಿಳಿದಿರುವ ಒಂದು ಪತ್ರ ಅಥವಾ ನೋಟಿಸನ್ನು, ಹೆಸರು ಮತ್ತು ಸಂಖ್ಯೆಗಳನ್ನು ಮರೆಮಾಡಿ ಕೊಡಬೇಕು. ಯಾರು ಏನನ್ನು ಕೇಳಿದ್ದಾರೆ, ಯಾವ ದಿನದೊಳಗೆ ಕೇಳಿದ್ದಾರೆ ಎಂಬುದನ್ನು ಅಭ್ಯರ್ಥಿ ಕನ್ನಡದಲ್ಲಿ ಹೇಳಬೇಕು.

2. 'ಕಳುಹಿಸಿದ 40 ಚೀಲಗಳಲ್ಲಿ 3 ನೆನೆದಿವೆ; ಬದಲಿ ಕಳುಹಿಸಿ ಅಥವಾ ಬಿಲ್ಲಿನಲ್ಲಿ ಕಡಿತಮಾಡಿ' ಎಂಬಂತಹ ಸಂಗತಿಯನ್ನು ಕನ್ನಡದಲ್ಲಿ ಹೇಳಿ, ನಾಲ್ಕೈದು ವಾಕ್ಯಗಳ ಇಂಗ್ಲಿಷ್ ಪತ್ರ ಬರೆಸಬೇಕು.

3. ದೂರವಾಣಿಯಲ್ಲಿ ಪ್ರಮಾಣ, ದರ, ವಾಹನ ಸಂಖ್ಯೆ ಹಾಗೂ 15 ಅಕ್ಷರಾಂಕಗಳ ಜಿಎಸ್‌ಟಿ ಸಂಖ್ಯೆಯನ್ನು ಇಂಗ್ಲಿಷಿನಲ್ಲಿ ಹೇಳಿ ಬರೆದುಕೊಳ್ಳಲು ತಿಳಿಸಬೇಕು. ಥರ್ಟೀನ್, ಥರ್ಟಿಗಳ ನಡುವಣ ಗೊಂದಲ ಇಲ್ಲಿಯೇ ಹೊರಬೀಳುತ್ತದೆ.

ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆ, ಒಂದೇ ಸಮಯ ಇರಬೇಕು. ಅರ್ಥ ಕೆಡಿಸದ ವ್ಯಾಕರಣ ದೋಷಕ್ಕೆ ಹೆಚ್ಚು ಅಂಕ ಕಳೆಯಬಾರದು. ಅಂಕಿ, ದಿನಾಂಕಗಳ ತಪ್ಪನ್ನು ಗಂಭೀರವಾಗಿ ಪರಿಗಣಿಸಬೇಕು. ಬರವಣಿಗೆಯನ್ನು ಲೆಕ್ಕ ಪರಿಶೋಧಕರಿಗೋ ಸ್ಥಳೀಯ ಕಾಲೇಜಿನ ಉಪನ್ಯಾಸಕರಿಗೋ ತೋರಿಸಬಹುದು. ಪರೀಕ್ಷೆಯ ವೇಳೆ ಮೊಬೈಲ್ ದೂರವಿರಲಿ. ಕೆಲಸಕ್ಕೆ ಸೇರಿದ ಮೇಲೆ ಅನುವಾದದ ತಂತ್ರಾಂಶ ಬಳಸಲು ಅಡ್ಡಿಯಿಲ್ಲ. ಆದರೆ ಅದು ಕೊಟ್ಟ ಅನುವಾದ ಸರಿಯೇ ಎಂದು ತಿಳಿಯುವಷ್ಟು ಭಾಷೆ ನೌಕರರಲ್ಲಿರಬೇಕು.

ಹಾಲಿ ಸಿಬ್ಬಂದಿಯ ವಿಚಾರ

ಇದೇ ಪರೀಕ್ಷೆಯನ್ನು ಇರುವ ಸಿಬ್ಬಂದಿಗೂ ಕೊಡಬಹುದು. ಆದರೆ ಉದ್ದೇಶ ಮೊದಲೇ ತಿಳಿಸಬೇಕು. ತಮ್ಮನ್ನು ತೆಗೆದುಹಾಕಲು ನಡೆಸುವ ಪರೀಕ್ಷೆ ಎಂಬ ಭಯ ಹುಟ್ಟಿದರೆ, ತಿಳಿಯದ ಪತ್ರವನ್ನು ತಿಳಿದಂತೆ ನಟಿಸಿ ಬಚ್ಚಿಡುವ ಪ್ರವೃತ್ತಿ ಬೆಳೆಯುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೇರಿಲ್ಲ. ಅಡಿಕೆಯ ಗುಣಮಟ್ಟವನ್ನು ಕೈಯಲ್ಲಿ ಹಿಡಿದೇ ಹೇಳಬಲ್ಲ, ರೈತರ ವಿಶ್ವಾಸ ಗಳಿಸಿರುವ ಹಿರಿಯ ನೌಕರರಿಗೆ ಇಂಗ್ಲಿಷ್ ಇಲ್ಲವೆಂದು ಬೆಲೆ ತಗ್ಗಿಸುವುದು ಸಂಸ್ಥೆಗೇ ಹಾನಿ. ಅವರಿಗೆ ತಮ್ಮ ಮೇಜಿಗೆ ಬರುವ ದಾಖಲೆಗಳ ಐವತ್ತು, ಅರವತ್ತು ಪದಗಳನ್ನು ಕನ್ನಡ ವಿವರಣೆಯೊಂದಿಗೆ ಬರೆದುಕೊಟ್ಟು, ಆರು ತಿಂಗಳ ಬಳಿಕ ಮತ್ತೆ ನೋಡಿದರೆ ಪ್ರಗತಿ ಕಾಣಬಹುದು.

ಪ್ರಮಾಣಪತ್ರವು ಸರಕಿನ ಮಾದರಿಯಂತೆ. ಮಾದರಿಯನ್ನು ನೋಡಿ ಮಾತು ಆರಂಭಿಸಬಹುದು. ಚೀಲ ಬಿಚ್ಚಿ ನೋಡದೆ ವ್ಯಾಪಾರ ಮುಗಿಸುವ ವರ್ತಕರಿಲ್ಲ. ನೇಮಕಾತಿಯಲ್ಲಿಯೂ ಅದೇ ಎಚ್ಚರವಿರಲಿ.