ಎಣ್ಣೆ ಬಾವಿಯ ಭಾಷೆ ಬಲ್ಲ ಅನುವಾದಕ

ದಿನವೂ ಮೂರ್ನಾಲ್ಕು ಭಾಷೆಗಳಲ್ಲಿ ವ್ಯವಹರಿಸುವ ಹೊರನಾಡ ಕನ್ನಡಿಗರಿಗೆ ಅನುವಾದ ಸುಲಭವೆನಿಸಬಹುದು. ಆದರೆ ಇಸ್ರೇಲಿನ ಉದಾಹರಣೆ ನೋಡಿ. ಅಲ್ಲಿನ ಕಡಲಲ್ಲಿ 2009ರಲ್ಲಿ ತಾಮಾರ್, 2010ರಲ್ಲಿ ಲೆವಯಾತನ್ ಅನಿಲ ನಿಕ್ಷೇಪಗಳು ಪತ್ತೆಯಾದವು. ತೈಲೋದ್ಯಮದ ಭಾಷೆ ಇಂಗ್ಲಿಷ್. ದೇಶದ ಆಡಳಿತ ಭಾಷೆ ಹೀಬ್ರೂ.

ಎರಡನ್ನೂ ಬಲ್ಲವರು ಅಲ್ಲಿ ಬೇಕಾದಷ್ಟಿದ್ದಾರೆ. ಆದರೆ ಈ ಕಸುಬಿನ ಇಂಗ್ಲಿಷೇ ಬೇರೆ. ‘ಕ್ರಿಸ್‌ಮಸ್ ಟ್ರೀ’ ಎಂದರೆ ಬಾವಿಯ ಬಾಯಿಗೆ ಕೂರಿಸುವ ವಾಲ್ವುಗಳ ಜೋಡಣೆ. ‘ಕಿಕ್’ ಎಂದರೆ ಭೂಗರ್ಭದ ಅನಿಲ, ಎಣ್ಣೆ ಬಾವಿಯೊಳಗೆ ನುಗ್ಗುವುದು. ಅದನ್ನು ‘ಒದೆತ’ವೆಂದು ಬರೆದರೆ ಎಚ್ಚರಿಕೆಯ ಸೂಚನೆ ಯಾರಿಗೂ ಅರ್ಥವಾಗದು. ತಡೆಯುವುದು ತಡವಾದರೆ ಕೆಲಸಗಾರರ ಜೀವಕ್ಕೇ ಸಂಚಕಾರ.

ತಕ್ಕವರನ್ನು ಹುಡುಕುವುದು ಹೇಗೆ? ಇಸ್ರೇಲಿನ ಅನುವಾದಕರ ಸಂಘದಲ್ಲಿ ವಿಚಾರಿಸಬಹುದು. ಹಿಂದೆ ಮಾಡಿದ ಕೆಲಸದ ವಿವರ ಕೇಳಬೇಕು. ಸಂಭಾವನೆ ಕೊಟ್ಟು ಒಂದು ಪುಟ ಅನುವಾದ ಮಾಡಿಸಿ, ಹೀಬ್ರೂ ಬಲ್ಲ ಪೆಟ್ರೋಲಿಯಂ ಇಂಜಿನಿಯರರಿಂದ ಓದಿಸಬೇಕು.

ಇನ್ನೊಂದು ಮಾತು. ಹೀಬ್ರೂ ಅಕ್ಷರ ಬಲದಿಂದ ಎಡಕ್ಕೆ, ಅಂಕಿ ಎಡದಿಂದ ಬಲಕ್ಕೆ. ‘3000–5000’ ಎಂಬುದು ಕಂಪ್ಯೂಟರಿನಲ್ಲಿ ತಿರುವುಮುರುವಾಗುವುದುಂಟು. ಆದ್ದರಿಂದ ಮೂಲಪ್ರತಿಯನ್ನು ಎದುರಿಟ್ಟುಕೊಂಡು ಪ್ರತಿ ಅಂಕಿಗೂ ಟಿಕ್ ಹಾಕಬೇಕು. ಬ್ಯಾಂಕಿನ ಲೆಡ್ಜರ್ ಬರೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.