ಬೆಟ್ಟದ ಮೇಲೆ ಕೆರೆ, ನೆಲದಡಿಯಲ್ಲಿ ಬೆಳ್ಳಿ

ಯೂರೋಪು ಖಂಡದ ನಡುಭಾಗದಲ್ಲಿ ಸ್ಲೊವಾಕಿಯ ಎಂಬ ಸಣ್ಣ ದೇಶವಿದೆ. ೧೯೧೮ರವರೆಗೆ ಹಂಗೆರಿ ರಾಜ್ಯಕ್ಕೆ ಸೇರಿದ್ದ ಈ ನಾಡು, ಅನಂತರ ಚೆಕೊಸ್ಲೊವಾಕಿಯದ ಭಾಗವಾಗಿ, ೧೯೯೩ರ ಜನವರಿ ಒಂದನೆಯ ತಾರೀಖಿನಿಂದ ಬೇರೆ ದೇಶವಾಗಿದೆ. ಅಲ್ಲಿಗೆ ಹೋಗುವ ಪ್ರವಾಸಿಗಳು ಸಾಮಾನ್ಯವಾಗಿ ಉತ್ತರದ ಟಾಟ್ರ ಪರ್ವತಗಳನ್ನು ನೋಡಿ ತೃಪ್ತರಾಗುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಚರಿತ್ರೆಯಲ್ಲಿ ಆಸಕ್ತಿಯುಳ್ಳವರು ದೇಶದ ನಡುವಣ ಬೆಟ್ಟಗಳಲ್ಲಿರುವ ಬಾನ್ಸ್ಕಾ ಷ್ಟಿಯಾವ್ನಿತ್ಸ ಎಂಬ ಹಳೆಯ ಪಟ್ಟಣಕ್ಕೆ ಹೋಗಬೇಕು. ಹೆಸರಿನ ಮೊದಲ ಪದಕ್ಕೆ ‘ಗಣಿಯ’ ಎಂದೇ ಅರ್ಥ. ಜರ್ಮನರು ಇದನ್ನು ಷೆಮ್ನಿಟ್ಸ್ ಎಂದು ಕರೆಯುತ್ತಾರೆ.

ಈ ಊರಿನಲ್ಲಿ ಸಮತಟ್ಟಾದ ನೆಲವೆಂಬುದು ಅಪರೂಪ. ಬೀದಿಗಳೆಲ್ಲ ಏರುತ್ತವೆ, ಇಲ್ಲವೇ ಇಳಿಯುತ್ತವೆ. ಸುತ್ತಲಿನ ಬೆಟ್ಟಗಳ ಮೇಲೆ ಕಾಡಿನ ನಡುವೆ ಅಲ್ಲಲ್ಲಿ ತಿಳಿನೀರಿನ ಕೆರೆಗಳು ಕಾಣುತ್ತವೆ. ನೋಡಿದವರು ಪ್ರಕೃತಿಯ ಸೊಬಗೆಂದು ಕೊಂಡಾಡುವುದು ಸಹಜ. ವಾಸ್ತವವಾಗಿ ಈ ಕೆರೆಗಳನ್ನೆಲ್ಲ ಕಟ್ಟಿದವರು ಮನುಷ್ಯರು. ಅದೂ ಸೊಬಗಿಗಾಗಿ ಅಲ್ಲ, ಬೇಸಾಯಕ್ಕಾಗಿಯೂ ಅಲ್ಲ. ಮುಳುಗಿಹೋಗಲಿದ್ದ ಗಣಿಗಳನ್ನು ಉಳಿಸಿಕೊಳ್ಳುವುದಕ್ಕಾಗಿ ಕಟ್ಟಿದ ಕೆರೆಗಳಿವು. ಈ ಒಂದು ಸಂಗತಿಯನ್ನು ಅರಿತುಕೊಂಡರೆ ಊರಿನ ಮಿಕ್ಕ ಕಥೆಯೆಲ್ಲ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಇಲ್ಲಿನ ಬೆಟ್ಟಗಳು ಬಹು ಪುರಾತನವಾದ ಒಂದು ದೊಡ್ಡ ಜ್ವಾಲಾಮುಖಿಯ ಅವಶೇಷಗಳು. ಅದರ ಬಿರುಕುಗಳಲ್ಲಿ ಬೆಳ್ಳಿಯೂ ಒಂದಿಷ್ಟು ಚಿನ್ನವೂ ಹುದುಗಿಕೊಂಡವು. ಮೈಮೇಲೆ ಚಿನ್ನದ ಪುಡಿ, ಬೆಳ್ಳಿಯ ಪುಡಿ ಮೆತ್ತಿಕೊಂಡ ಎರಡು ಹಲ್ಲಿಗಳು ಒಬ್ಬ ಕುರುಬನಿಗೆ ಅದಿರಿನ ನೆಲೆಯನ್ನು ತೋರಿಸಿದವೆಂದು ಜನ ಕಥೆ ಹೇಳುತ್ತಾರೆ. ಕಥೆ ಹೇಗೇ ಇರಲಿ, ೧೩ನೆಯ ಶತಮಾನದಲ್ಲಿಯೇ ಇದಕ್ಕೆ ನಗರದ ಹಕ್ಕುಗಳು ದೊರೆತಿದ್ದವು. ಹಂಗೆರಿಯ ಅರಸರ ಬೊಕ್ಕಸಕ್ಕೆ ಇಲ್ಲಿನ ಬೆಳ್ಳಿ ದೊಡ್ಡ ಆಧಾರವಾಗಿತ್ತು. ೧೭೮೨ರಲ್ಲಿ ಸುತ್ತಣ ಗಣಿಹಳ್ಳಿಗಳೂ ಸೇರಿ ಇಲ್ಲಿ ಸುಮಾರು ೨೩,೦೦೦ ಜನರಿದ್ದರು. ಆ ರಾಜ್ಯದಲ್ಲಿ ಇದೇ ಮೂರನೆಯ ದೊಡ್ಡ ನಗರ. ಇಂದಿನ ಜನಸಂಖ್ಯೆ ಅದರ ಅರ್ಧಕ್ಕಿಂತಲೂ ಕಡಿಮೆ.

ಸಂಪತ್ತಿದ್ದಲ್ಲಿ ಶತ್ರುಭಯವೂ ಇರುತ್ತದೆ. ೧೬ನೆಯ ಶತಮಾನದಲ್ಲಿ ತುರ್ಕರ ಸೈನ್ಯ ಹತ್ತಿರ ಬಂದಾಗ ಊರವರು ತಮ್ಮ ಚರ್ಚನ್ನೇ ಕೋಟೆಯನ್ನಾಗಿ ಮಾರ್ಪಡಿಸಿದರು. ಸಾಲದೆಂದು ಎದುರು ಗುಡ್ಡದ ಮೇಲೆ ೧೫೭೧ರ ವೇಳೆಗೆ ಬಿಳಿಯ ಕಾವಲುಗೋಪುರವೊಂದನ್ನು ಎತ್ತಿದರು. ಮೊದಲನೆಯದು ಹಳೆಯ ಕೋಟೆ, ಎರಡನೆಯದು ಹೊಸ ಕೋಟೆ. ಇವೆರಡಕ್ಕಿಂತಲೂ ನನಗೆ ಸ್ವಾರಸ್ಯವೆನಿಸುವುದು ೧೬೮೧ರಲ್ಲಿ ಕಟ್ಟಿದ ‘ಕ್ಲೊಪಾಚ್ಕ’. ಈ ಗೋಪುರದಲ್ಲಿ ಗಂಟೆಗೆ ಬದಲಾಗಿ ಮರದ ಹಲಗೆಯನ್ನು ಬಡಿದು, ಗಣಿಯಾಳುಗಳನ್ನು ಬೆಳಗಿನ ಜಾವ ಎಬ್ಬಿಸುತ್ತಿದ್ದರು.

ತುರ್ಕರಿಗಿಂತ ಹಟಮಾರಿ ಶತ್ರು ನೀರು. ಗಣಿ ಆಳಕ್ಕೆ ಹೋದಷ್ಟೂ ಬಂಡೆಯ ಸಂದುಗಳಿಂದ ಒರತೆ ಹೆಚ್ಚುತ್ತಿತ್ತು. ೧೬೨೭ರಲ್ಲಿ ಇಲ್ಲಿ ಸಿಡಿಮದ್ದಿನಿಂದ ಬಂಡೆ ಒಡೆದರು; ಗಣಿಗಾರಿಕೆಯಲ್ಲಿ ಮದ್ದನ್ನು ಬಳಸಿದ್ದಕ್ಕೆ ದೊರೆಯುವ ಮೊದಮೊದಲ ದಾಖಲೆಗಳಲ್ಲಿ ಇದೂ ಒಂದು. ಅಗೆತವೇನೋ ಚುರುಕಾಯಿತು, ಆದರೆ ನೀರು ಬಿಡಲಿಲ್ಲ. ಕುದುರೆಗಳಿಂದಲೂ ಆಳುಗಳಿಂದಲೂ ನೀರೆತ್ತಿಸುವ ಖರ್ಚು ಬೆಳ್ಳಿಯ ಆದಾಯವನ್ನೇ ನುಂಗತೊಡಗಿತು. ೧೮ನೆಯ ಶತಮಾನದ ಆರಂಭದಲ್ಲಿ ಗಣಿಗಳನ್ನು ಮುಚ್ಚಿಬಿಡುವ ಮಾತೇ ಹುಟ್ಟಿತ್ತು. ಸಮೀಪದ ನೊವಾ ಬಾನ್ಯದಲ್ಲಿ ಐಸಾಕ್ ಪಾಟರ್ ಎಂಬ ಇಂಗ್ಲಿಷಿನವನು ೧೭೨೨ರಲ್ಲಿ ಉಗಿಯಂತ್ರವನ್ನು ನಿಲ್ಲಿಸಿದ. ಯೂರೋಪಿನ ಮುಖ್ಯಭೂಮಿಯಲ್ಲಿ ಅದೇ ಮೊದಲನೆಯದು. ಆದರೆ ಅಂಥ ಯಂತ್ರಗಳಿಗೆ ಸೌದೆಯನ್ನು ಒದಗಿಸಿ ಪೂರೈಸುವಂತಿರಲಿಲ್ಲ. ಅದಿರು ಕರಗಿಸುವ ಕುಲುಮೆಗಳಿಗೂ ಅದೇ ಕಾಡಿನ ಇದ್ದಿಲು ಬೇಕಾಗಿತ್ತು.

ಆಗ ಹೊಳೆದ ಉಪಾಯವೆಂದರೆ, ನೀರನ್ನು ನೀರಿನಿಂದಲೇ ಎತ್ತಿಸುವುದು. ಇಲ್ಲಿ ದೊಡ್ಡ ನದಿಯಿಲ್ಲ; ಇರುವುದು ಮಳೆ ಮತ್ತು ಕರಗುವ ಹಿಮ. ಮಾತೇಯ್ ಕೊರ್ನೆಲ್ ಹೆಲ್ ಎಂಬ ಗಣಿಯಂತ್ರಜ್ಞ, ಸಾಮುಯೆಲ್ ಮಿಕೊವೀನಿ ಎಂಬ ಗಣಿತಜ್ಞ, ಇವರು ಬೆಟ್ಟಗಳ ಮೈಯನ್ನು ಬಳಸಿಕೊಂಡು ಸಾಗುವ ಕಿರುಗಾಲುವೆಗಳನ್ನು ತೋಡಿಸಿದರು. ಬಿದ್ದ ಹನಿಯನ್ನೆಲ್ಲ ಒಟ್ಟುಗೂಡಿಸಿ ಕಟ್ಟೆಗಳ ಹಿಂದೆ ನಿಲ್ಲಿಸಿದರು. ಕಾಲಕ್ರಮದಲ್ಲಿ ಸುಮಾರು ೬೦ ಕೆರೆಗಳೂ, ನೂರು ಕಿಲೋಮೀಟರಿಗೂ ಮಿಕ್ಕ ಕಾಲುವೆಗಳೂ ಆದವು. ಜನ ಇವನ್ನು ‘ತಾಯ್ಖ್’ ಎನ್ನುತ್ತಾರೆ. ಕೊಳವೆಂಬ ಅರ್ಥದ ಜರ್ಮನ್ ಪದದಿಂದ ಬಂದ ಹೆಸರು.

ಕೆರೆಯ ನೀರು ಮೊದಲು ಗಣಿಯ ದೊಡ್ಡ ಚಕ್ರಗಳನ್ನು ತಿರುಗಿಸುತ್ತಿತ್ತು. ಹೆಲ್‌ನ ಮಗ ಯೋಸೆಫ್ ಕಾರೊಲ್ ಹೆಲ್ ೧೭೪೯ರಲ್ಲಿ ಇನ್ನೂ ಮುಂದೆ ಹೋಗಿ, ಚಕ್ರವೇ ಇಲ್ಲದ ಯಂತ್ರವನ್ನು ನಿಲ್ಲಿಸಿದ. ಬಾವಿಯಂಥ ಗಣಿಗುಂಡಿಯಲ್ಲಿ ಎತ್ತರವಾದ ಕೊಳವೆ. ಅದರ ತುಂಬ ಕೆರೆಯ ನೀರು. ಆ ನೀರಿನ ಕಂಬದ ಭಾರ ತಳದ ಪಿಸ್ಟನ್ನನ್ನು ಒತ್ತುತ್ತದೆ. ಪಿಸ್ಟನ್ನು ಆಳದಲ್ಲಿರುವ ಒರತೆಯ ನೀರನ್ನು ಮೇಲೆತ್ತುತ್ತದೆ. ಹಾಗಾದರೆ ಮೇಲಿನಿಂದ ಬಿಟ್ಟ ನೀರೂ ಗಣಿಯಲ್ಲೇ ತುಂಬಿಕೊಳ್ಳುವುದಿಲ್ಲವೇ ಎಂದು ಓದುಗರು ಕೇಳಬಹುದು. ಗುಟ್ಟಿರುವುದು ಅಲ್ಲಿಯೇ. ಬೆಟ್ಟದ ಬುಡದಿಂದ ಗಣಿಯ ನಡುಮಟ್ಟಕ್ಕೆ ಅಡ್ಡಲಾಗಿ ಸುರಂಗ ಕೊರೆದಿರುತ್ತಾರೆ. ಮೇಲಿನ ನೀರು ಅಲ್ಲಿಯವರೆಗೆ ಇಳಿಯುತ್ತದೆ, ಕೆಳಗಿನ ನೀರು ಅಲ್ಲಿಯವರೆಗೆ ಏರುತ್ತದೆ. ಎರಡೂ ಕೂಡಿ ಸುರಂಗದ ಬಾಯಿಂದ ಹೊರಗೆ ಹರಿದುಹೋಗುತ್ತವೆ. ಸೌದೆಯೂ ಬೇಡ, ಕುದುರೆಯೂ ಬೇಡ.

ಇಂಥ ಸುರಂಗಗಳಲ್ಲಿ ಕೊನೆಯದಾದ ವೊಜ್ನಿತ್ಸ ಸುರಂಗವನ್ನು ೧೭೮೨ರಲ್ಲಿ ತೊಡಗಿದರು. ೧೬ ಕಿಲೋಮೀಟರು ಕೊರೆದು ಮುಗಿಸಿದ್ದು ೧೮೭೮ರಲ್ಲಿ. ಮೊದಲ ಗುದ್ದಲಿ ಹಾಕಿದವರ ಮೊಮ್ಮಕ್ಕಳೂ ಮುದುಕರಾಗುವಷ್ಟು ಕಾಲ!

ಈ ವಿದ್ಯೆಯನ್ನು ಕಲಿಸಲು ೧೭೩೫ರಲ್ಲಿ ಇಲ್ಲಿ ಗಣಿಶಾಲೆ ಆರಂಭವಾಯಿತು. ಮಿಕೊವೀನಿಯೇ ಅದರ ಮೊದಲ ಅಧ್ಯಾಪಕ. ೧೭೬೨ರಲ್ಲಿ ರಾಣಿ ಮರಿಯ ತೆರೇಸ ಅದನ್ನು ಅಕಾಡೆಮಿಯ ಮಟ್ಟಕ್ಕೇರಿಸಲು ನಿರ್ಧರಿಸಿದಳು. ಅಲ್ಲಿ ವಿದ್ಯಾರ್ಥಿಗಳು ಪಾಠ ಕೇಳಿ ಸುಮ್ಮನಾಗುವಂತಿರಲಿಲ್ಲ, ಪ್ರಯೋಗಶಾಲೆಯಲ್ಲಿ ಸ್ವತಃ ಕೈಯಾಡಿಸಬೇಕಾಗಿತ್ತು. ೧೭೯೪ರಲ್ಲಿ ಪ್ಯಾರಿಸಿನಲ್ಲಿ ಹೊಸ ವಿದ್ಯಾಲಯವನ್ನು ಸ್ಥಾಪಿಸುವಾಗ ರಸಾಯನಶಾಸ್ತ್ರಜ್ಞ ಫೂರ್ಕ್ರುವಾ ಈ ಪದ್ಧತಿಯನ್ನೇ ಮೇಲ್ಪಂಕ್ತಿಯಾಗಿ ತೋರಿಸಿದ. ೧೯೧೯ರಲ್ಲಿ ಅಕಾಡೆಮಿ ಹಂಗೆರಿಯ ಶೋಪ್ರೋನ್ ನಗರಕ್ಕೆ ಸ್ಥಳಾಂತರವಾಯಿತು. ಊರಿಗೆ ಅದು ತುಂಬಲಾರದ ನಷ್ಟ. ಸಾಹಿತ್ಯದ ವಿದ್ಯಾರ್ಥಿಗಳಿಗೂ ಇಲ್ಲಿ ಪಾಲಿದೆ. ಕವಿ ಸ್ಲಾದ್ಕೊವಿಚ್ ಓದಿದ ಊರಿದು. ಆತ ಪ್ರೀತಿಸಿದ ಹುಡುಗಿಯನ್ನು ಬೇರೊಬ್ಬನಿಗೆ ಮದುವೆ ಮಾಡಿಕೊಟ್ಟರು. ಆತ ಅವಳ ಹೆಸರಿನಲ್ಲಿಯೇ ‘ಮಾರೀನ’ ಎಂಬ ೨೯೧ ಪದ್ಯಗಳ ಕಾವ್ಯವನ್ನು ೧೮೪೬ರಲ್ಲಿ ಪ್ರಕಟಿಸಿದ.

ಪಟ್ಟಣದ ಅದಿರಿನ ಗಣಿಗಾರಿಕೆ ೧೯೯೦ರ ದಶಕದ ಆರಂಭದಲ್ಲಿ ನಿಂತಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, ೧೯೯೩ರಲ್ಲಿ, ಯುನೆಸ್ಕೊ ಸಂಸ್ಥೆ ಪಟ್ಟಣವನ್ನೂ ಸುತ್ತಣ ಯಂತ್ರನಿರ್ಮಾಣಗಳನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ೨೦೨೩ರ ಮಾರ್ಚಿಯಲ್ಲಿ ಹಳೆಯ ಪೇಟೆಗೆ ಬೆಂಕಿ ಬಿದ್ದು ಹಲವು ಪುರಾತನ ಕಟ್ಟಡಗಳಿಗೆ ಹಾನಿಯಾಯಿತು. ಇಂಥ ಊರನ್ನು ಪಟ್ಟಿಗೆ ಸೇರಿಸುವುದು ಸುಲಭ, ಕಾಪಾಡುವುದು ಕಷ್ಟ.

ಹೋದವರು ಎರಡು ದಿನವಾದರೂ ನಿಲ್ಲುವುದು ಒಳ್ಳೆಯದು. ಮೊದಲ ದಿನ ಗಣಿ ವಸ್ತುಸಂಗ್ರಹಾಲಯದಲ್ಲಿ ಮೇಲಂಗಿ ತೊಟ್ಟು, ಶಿರಸ್ತ್ರಾಣವಿಟ್ಟು, ದೀಪ ಹಿಡಿದು ಸುರಂಗದೊಳಗೆ ಇಳಿಯಬೇಕು. ಮರುದಿನ ೧,೦೦೯ ಮೀಟರು ಎತ್ತರದ ಸಿಟ್ನೊ ಶಿಖರವನ್ನು ಹತ್ತಬೇಕು. ಅದರ ಗರ್ಭದಲ್ಲಿ ಕುದುರೆ ಸವಾರರಾದ ವೀರರು ನಿದ್ರಿಸುತ್ತಿರುವರೆಂದು ಪ್ರತೀತಿ. ಉಳಿದಿರುವ ಕೆರೆಗಳು ಇಪ್ಪತ್ತಕ್ಕೆ ಮೇಲ್ಪಟ್ಟು. ಬೇಸಗೆಯಲ್ಲಿ ಪೊಚೂವಾದ್ಲೊ, ಕ್ಲಿಂಗರ್ ಮುಂತಾದ ಕೆರೆಗಳಲ್ಲಿ ಜನ ಈಜಾಡುತ್ತಾರೆ. ೧೭೪೪ರಲ್ಲಿ ಮುಗಿದ ರೊಸ್‌ಗ್ರುಂಡ್ ಕೆರೆಯಲ್ಲಿ ಮಾತ್ರ ಇಳಿಯುವಂತಿಲ್ಲ. ಅದು ಕುಡಿಯುವ ನೀರು.